ತಾಳಿಗೆ ಮೊದಲು ಸಹಿ



ಶ್ರೀಮಠಕ್ಕೆ ಬರುವ ಬಿನ್ನಹಗಳಲ್ಲಿ ಈಚೆಗೆ ಹೊಸ ಬಗೆಯದೊಂದು ಸೇರಿಕೊಂಡಿದೆ. ಮಗನು ಹೊರದೇಶದಲ್ಲಿ ಓದಿ ಬಂದವನು. ಅಲ್ಲಿ ಪರಿಚಯವಾದ ಕನ್ಯೆಯೊಬ್ಬಳು ಪ್ರವಾಸಿ ವೀಸಾದ ಮೇಲೆ ನಮ್ಮ ನಾಡಿಗೆ ಬಂದಿದ್ದಾಳೆ. ತಂದೆತಾಯಿಗಳು ಕೈಮುಗಿದು ಹೇಳುತ್ತಾರೆ: "ಬುದ್ಧೀ, ಆಕೆ ಇನ್ನು ಹತ್ತು ದಿನಕ್ಕೆ ಹೊರಟುಬಿಡುತ್ತಾಳೆ. ಗದ್ದುಗೆಯ ಮುಂದೆ ನಾಲ್ಕು ಕಾಳು ಅಕ್ಷತೆ ಹಾಕಿ ಆಶೀರ್ವದಿಸಿಬಿಡಿ. ಕಾಗದಪತ್ರ ಆಮೇಲೆ ನೋಡಿಕೊಂಡರಾಯಿತು."

ಈ "ಆಮೇಲೆ" ಎಂಬ ಒಂದು ಮಾತಿನ ಮೇಲೆಯೇ ನಮ್ಮ ಆಕ್ಷೇಪ.

ಕನ್ಯೆ ಹೊರದೇಶದವಳೆಂಬುದು ಆಕ್ಷೇಪವಲ್ಲ. ಮಧುವರಸರ ಮಗಳು ಹರಳಯ್ಯನವರ ಮಗನ ಕೈಹಿಡಿದುದಕ್ಕಾಗಿ ಆ ಇಬ್ಬರು ತಂದೆಯರು ಎಳೆಹೂಟೆಯ ಶಿಕ್ಷೆಗೆ ಒಳಗಾದರೆಂದು ನಮ್ಮ ಪರಂಪರೆ ಹೇಳುತ್ತದೆ. ಬಸವ ಜಯಂತಿಯ ವೇದಿಕೆಯಲ್ಲಿ ಆ ಕಥೆಯನ್ನು ಹೇಳಿ ಕಣ್ಣೊರೆಸಿಕೊಳ್ಳುವವರಿಗೆ, ಮನೆಯ ಬಾಗಿಲಿಗೆ ಬಂದ ಕನ್ಯೆಯ ಕುಲವನ್ನು, ದೇಶವನ್ನು, ಮೈಬಣ್ಣವನ್ನು ಕೇಳುವ ಅಧಿಕಾರ ಎಲ್ಲಿಂದ ಬಂತು? ಅಂಥವರಿಗೆ ನಮ್ಮಲ್ಲಿ ಬೇರೆ ಉತ್ತರವಿಲ್ಲ.

ಆದರೆ ಬರಮಾಡಿಕೊಂಡೆವೆಂಬ ಹೆಮ್ಮೆಯಲ್ಲಿಯೇ ಆಕೆಗೆ ಅನ್ಯಾಯ ಮಾಡುವ ಬಗೆಯೂ ಒಂದುಂಟು. ಅದನ್ನು ನಾವು ಕಂಡದ್ದು ನಮ್ಮದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ನಮ್ಮ ಪ್ರಸಾದ ನಿಲಯದಲ್ಲಿ ಬೆಳೆದ ತರುಣನೊಬ್ಬನ ಕಲ್ಯಾಣವನ್ನು ಹೀಗೆಯೇ ಅವಸರದಲ್ಲಿ ನೆರವೇರಿಸಿದೆವು. ಪಂಚಕಲಶವಿಟ್ಟೆವು, ವಿಭೂತಿ ಧರಿಸಿಸಿದೆವು, ತಾಳಿ ಕಟ್ಟಿಸಿದೆವು. ವಾರದೊಳಗೆ ವಧು ವಿಮಾನ ಹತ್ತಿದಳು. ಎಂಟು ತಿಂಗಳ ಮೇಲೆ ವರನ ತಂದೆ ಲಿಂಗೈಕ್ಯರಾದರು. ಶಿವಗಣಾರಾಧನೆಗೆಂದು ಆ ಮಗಳು ಧಾವಿಸಿ ಬಂದಳು. ಬಂದದ್ದು ಮತ್ತೆ ಪ್ರವಾಸಿಯಾಗಿ. ಹೆಂಡತಿಯೆಂದು ತೋರಿಸಲು ಆಕೆಯ ಬಳಿ ಇದ್ದದ್ದು ನಮ್ಮ ಮಠದ ಭಾವಚಿತ್ರಗಳು ಮಾತ್ರ. ವಿಮಾನ ನಿಲ್ದಾಣದಲ್ಲಿ ಬಂದ ಉದ್ದೇಶವನ್ನು ಕೇಳಿದಾಗ "ಊರು ನೋಡಲು" ಎಂದಳಂತೆ. ಗಂಡನ ಮನೆಯ ದುಃಖಕ್ಕೆ ಬಂದವಳು ಸುಳ್ಳು ಹೇಳಿ ಒಳಗೆ ಬರಬೇಕಾಯಿತು. ಆ ಸುಳ್ಳನ್ನು ಆಕೆಯ ಬಾಯಲ್ಲಿಟ್ಟವರು ನಾವು. ಸತ್ಯವೇ ಶಿವನೆಂದು ಬೋಧಿಸುವ ಪೀಠದಿಂದ ಆ ಕಾರ್ಯ ನಡೆಯಿತು.

ಕಾನೂನಿನ ಸ್ಥಿತಿಯನ್ನು ಭಕ್ತರು ತಿಳಿದಿರಬೇಕು. ೧೯೫೫ರ ಹಿಂದೂ ವಿವಾಹ ಅಧಿನಿಯಮವು ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ತನ್ನೊಳಗೆ ತೆಗೆದುಕೊಂಡಿದೆ. ಆದರೆ ವಧುವರರಿಬ್ಬರೂ ಆ ಅಧಿನಿಯಮದ ಅರ್ಥದಲ್ಲಿ ಹಿಂದೂಗಳಾಗಿರಬೇಕು. ಬೇರೆ ಧರ್ಮದಲ್ಲಿಯೇ ಉಳಿದಿರುವ ಕನ್ಯೆಗೆ ಮಠದಲ್ಲಿ ಕಟ್ಟಿಸಿದ ತಾಳಿ ಆ ಕಾನೂನಿನಂತೆ ವಿವಾಹವಾಗುವುದಿಲ್ಲ. ಇಂಥವರಿಗೆಂದೇ ಇರುವುದು ೧೯೫೪ರ ವಿಶೇಷ ವಿವಾಹ ಅಧಿನಿಯಮ. ಅದು ಧರ್ಮವನ್ನು ಕೇಳುವುದಿಲ್ಲ, ಪೌರತ್ವವನ್ನೂ ಕೇಳುವುದಿಲ್ಲ. ವರನಿಗೆ ೨೧, ವಧುವಿಗೆ ೧೮ ವರ್ಷ ತುಂಬಿರಬೇಕು, ಇಬ್ಬರಿಗೂ ಜೀವಂತ ಸಂಗಾತಿ ಇರಬಾರದು, ನಿಷಿದ್ಧ ಸಂಬಂಧವಾಗಿರಬಾರದು, ಒಪ್ಪಿಗೆ ಕೊಡುವಷ್ಟು ಸ್ವಸ್ಥ ಬುದ್ಧಿ ಇರಬೇಕು.

"ಆಮೇಲೆ" ಎನ್ನುವವರು ಗಮನಿಸಬೇಕಾದುದು ಇಲ್ಲಿದೆ. ಈ ಅಧಿನಿಯಮದಂತೆ ನೇರವಾಗಿ ಮದುವೆಯಾಗುವುದಾದರೆ, ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಹಿಂದಿನ ೩೦ ದಿನ ವಾಸವಾಗಿದ್ದರೆ ಸಾಕು. ಊರಿನಲ್ಲಿರುವ ವರನೇ ಆ ಷರತ್ತನ್ನು ಪೂರೈಸುತ್ತಾನೆ. ಮೊದಲೇ ಬೇರೆ ವಿಧಿಯಲ್ಲಿ ನಡೆದ ಮದುವೆಯನ್ನು ತರುವಾಯ ನೋಂದಾಯಿಸುವುದಾದರೆ, ವಧುವರರಿಬ್ಬರೂ ೩೦ ದಿನ ಆ ಜಿಲ್ಲೆಯಲ್ಲಿ ವಾಸವಾಗಿರಬೇಕು; ಅದರ ಮೇಲೆ ಮತ್ತೆ ೩೦ ದಿನಗಳ ಪ್ರಕಟಣೆ. ಹತ್ತು ದಿನದ ಅವಸರದಲ್ಲಿರುವವರು ಸುಲಭದ ದಾರಿಯನ್ನು ಬಿಟ್ಟು ಕಷ್ಟದ ದಾರಿಯನ್ನು ಹಿಡಿದು, ಅದನ್ನೇ ಜಾಣತನವೆಂದು ಭಾವಿಸಿದ್ದಾರೆ!

ನೋಂದಣಿ ತಡವಾದಷ್ಟೂ ಮುಂದಿನದೆಲ್ಲ ತಡ. ಭಾರತೀಯನನ್ನು ವಿವಾಹವಾದ ವಿದೇಶೀಯಳು ತನ್ನ ವೀಸಾವನ್ನು ಬದಲಾಯಿಸಿಕೊಳ್ಳಲು ವಿದೇಶೀಯರ ನೋಂದಣಿ ಕಚೇರಿಗೆ ಅರ್ಜಿ ಸಲ್ಲಿಸುವ ದಾರಿಯಿದೆ. ಅದಕ್ಕೆ ಬೇಕಾದುದು ವಿವಾಹದ ಪ್ರಮಾಣಪತ್ರ, ಮಠದ ಪತ್ರವಲ್ಲ. ಸಾಗರೋತ್ತರ ಭಾರತೀಯ ನಾಗರಿಕರ ಕಾರ್ಡಿಗೆ, ವಿವಾಹವು ನೋಂದಣಿಯಾಗಿ ನಿರಂತರವಾಗಿ ಎರಡು ವರ್ಷ ಬಾಳಿರಬೇಕು. ಇನ್ನು ಅವಧಿ ಮೀರಿ ಉಳಿದುಬಿಟ್ಟರೆ? ೨೦೨೫ರ ಸೆಪ್ಟೆಂಬರ್ ೧ರಿಂದ ಜಾರಿಯಲ್ಲಿರುವ ವಲಸೆ ಮತ್ತು ವಿದೇಶೀಯರ ಅಧಿನಿಯಮದಲ್ಲಿ ಅದು ಸೆರೆವಾಸಕ್ಕೂ ದಂಡಕ್ಕೂ ಗುರಿಮಾಡುವ ಅಪರಾಧ. ತಾಳಿಯು ವೀಸಾದ ದಿನಾಂಕವನ್ನು ಮುಂದೂಡುವುದಿಲ್ಲ.

ಕೆಲವರು ಕೇಳುತ್ತಾರೆ: "ಕಚೇರಿಯ ಗೋಡೆಗೆ ೩೦ ದಿನ ಹೆಸರು ಅಂಟಿಸಿದರೆ ಊರೆಲ್ಲ ಆಡಿಕೊಳ್ಳುವುದಿಲ್ಲವೇ? ಅಷ್ಟರಲ್ಲಿ ವೀಸಾ ಮುಗಿಯುವುದಿಲ್ಲವೇ?" ಈ ಪ್ರಕಟಣೆ ತರುಣರಿಗೆ ಕಿರುಕುಳದ ಬಾಗಿಲಾಗಿರುವುದು ಸುಳ್ಳಲ್ಲ. ೨೦೨೧ರಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯವು, ವಧುವರರು ಬಯಸದಿದ್ದರೆ ಅದು ಕಡ್ಡಾಯವಲ್ಲವೆಂದು ತೀರ್ಪಿತ್ತದ್ದೂ ಉಂಟು. ಕಾನೂನು ಬದಲಾಗಲಿ ಎಂದು ಹೇಳುವವರಲ್ಲಿ ನಾವೂ ಒಬ್ಬರು. ಆದರೆ ಊರವರ ಗೊಣಗಾಟವು ಆಕ್ಷೇಪಣೆಯಾಗಲಾರದು; ಅಧಿನಿಯಮದ ಷರತ್ತು ಮೀರಿದ್ದರೆ ಮಾತ್ರ ಆಕ್ಷೇಪಣೆ ನಿಲ್ಲುತ್ತದೆ. ವೀಸಾದ ಮಾತಿಗೆ ಉತ್ತರ ಸರಳ: ಹತ್ತು ದಿನಕ್ಕೆ ಬರಬೇಡಿ, ಅವಕಾಶವಿಟ್ಟುಕೊಂಡು ಬನ್ನಿ. ಅವಿವಾಹಿತೆಯೆಂಬ ಪ್ರಮಾಣಪತ್ರವನ್ನು, ಹಿಂದೆ ವಿವಾಹವಾಗಿದ್ದರೆ ವಿಚ್ಛೇದನದ ತೀರ್ಪನ್ನು, ಆಕೆಯ ದೇಶದಿಂದ ಮೊದಲೇ ತರಿಸಿಕೊಳ್ಳಿ. ಮದುವೆಯ ಸೀರೆಗೆ ಆರು ತಿಂಗಳು ಅಂಗಡಿ ಸುತ್ತುವವರಿಗೆ ಇದಕ್ಕೆ ಎರಡು ತಿಂಗಳು ಹೆಚ್ಚಾಯಿತೇ?

ಮತ್ತೆ ಕೆಲವರು ಹೇಳುವುದು: "ಹಾಗಾದರೆ ಇಂದೇ ದೀಕ್ಷೆ ಕೊಟ್ಟುಬಿಡಿ, ಅಡ್ಡಿ ತೀರಿತು." ಇಷ್ಟಲಿಂಗವು ಅರ್ಜಿಗೆ ಲಗತ್ತಿಸುವ ಕಾಗದವಲ್ಲ. ಅರಿವು ಮೂಡಿ ಆಕೆಯೇ ಬೇಡಿದ ದಿನ, ಅದು ಹತ್ತು ವರ್ಷದ ಮೇಲಾದರೂ, ಸಂತೋಷದಿಂದ ಕರಸ್ಥಲಕ್ಕೆ ಕೊಡುತ್ತೇವೆ. ಬೇಡದೆಯೇ ಉಳಿದರೂ ಆಕೆ ಈ ಮನೆಯ ಸೊಸೆಯೇ.

ಕಹಿಯಾದ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ಕೆಲವು ಮನೆಗಳಲ್ಲಿ "ಆಮೇಲೆ" ಎನ್ನುವುದು ಅವಸರದಿಂದಲ್ಲ, ಲೆಕ್ಕಾಚಾರದಿಂದ. ವಿಶೇಷ ವಿವಾಹ ಅಧಿನಿಯಮದಂತೆ ಅನ್ಯಧರ್ಮೀಯಳನ್ನು ವರಿಸಿದ ಮಗನು ಅವಿಭಕ್ತ ಕುಟುಂಬದಿಂದ ಬೇರ್ಪಟ್ಟಂತೆ ಎಣಿಸಲಾಗುತ್ತದೆ. ಬೇರ್ಪಡುವುದೆಂದರೆ ಪಾಲು ಕಳೆದುಕೊಳ್ಳುವುದಲ್ಲ. ಆದರೂ ಹೊಲ ಹಂಚಿಹೋದೀತೆಂಬ ಅಂಜಿಕೆ. ಅದಕ್ಕಿಂತ ಆಳದಲ್ಲಿ ಇನ್ನೊಂದು ಎಣಿಕೆ: ಮುಂದೆ ಸರಿಬರದಿದ್ದರೆ ದಾಖಲೆಯಿಲ್ಲದ ಮದುವೆಯನ್ನು ಇಲ್ಲವೆನ್ನಬಹುದು, ಜಾತಿಯಲ್ಲಿಯೇ ಇನ್ನೊಂದು ಹೆಣ್ಣು ತರಬಹುದು. ಬಂಧುಬಳಗವಿಲ್ಲದ ನಾಡಿನಲ್ಲಿ, ಭಾಷೆ ಬಾರದ ಹೆಣ್ಣುಮಗಳೊಬ್ಬಳನ್ನು ಹೀಗೆ ತೂಗುಗತ್ತಿಯ ಕೆಳಗೆ ನಿಲ್ಲಿಸುವುದಕ್ಕೆ ನಮ್ಮ ಗದ್ದುಗೆ ಸಾಕ್ಷಿಯಾಗಬೇಕೇ? ಹೆಣ್ಣು ಗಂಡೆಂಬ ಭೇದವಿಲ್ಲವೆಂದು ಸಾರಿದ ಶರಣರ ಹೆಸರಿನಲ್ಲಿ?

ಆದುದರಿಂದ ಶ್ರೀಮಠವು ಒಂದು ನಿರ್ಧಾರಕ್ಕೆ ಬಂದಿದೆ. ಮೊದಲು ವಿವಾಹಾಧಿಕಾರಿಯ ಮುಂದೆ ಮೂವರು ಸಾಕ್ಷಿಗಳೊಡನೆ ಸಹಿ. ಅನಂತರ ಗದ್ದುಗೆಯ ಮುಂದೆ ಕಲಶ. ಪ್ರಮಾಣಪತ್ರವಿಲ್ಲದೆ ಬಂದವರನ್ನು, ಅವರು ಎಷ್ಟೇ ದೊಡ್ಡ ದಾಸೋಹಿಗಳಾಗಿರಲಿ, ಪ್ರಸಾದ ಮಾಡಿಸಿ ಕಳುಹಿಸುತ್ತೇವೆ; ಅಕ್ಷತೆ ಹಾಕುವುದಿಲ್ಲ. ಪ್ರಮಾಣಪತ್ರದೊಡನೆ ಬಂದವರಿಗೆ, ಅವರ ತಂದೆತಾಯಿಗಳೇ ಮುಖ ತಿರುಗಿಸಿದರೂ, ಮಠವೇ ತವರಾಗಿ ನಿಂತು ಕಲ್ಯಾಣ ಮಾಡುತ್ತದೆ. ಮೂವರು ಸಾಕ್ಷಿಗಳು ಸಿಗದಿದ್ದರೆ ಮೊದಲನೆಯ ಸಾಕ್ಷಿಯಾಗಿ ನಾವೇ ಕಚೇರಿಯ ಮೆಟ್ಟಿಲು ಹತ್ತುತ್ತೇವೆ.

ಮುಂದಿನ ಸಲ ಆ ಮಗಳು ವಿಮಾನದಿಂದ ಇಳಿದಾಗ, ಬಂದ ಉದ್ದೇಶವೇನೆಂದು ಕೇಳಿದರೆ "ಇದು ನನ್ನ ಮನೆ" ಎಂದು ನಿಜವನ್ನೇ ಹೇಳುವಂತಾಗಬೇಕು. ಅದಕ್ಕೆ ಬೇಕಾದ ಕಾಗದವನ್ನು ಆಕೆಯ ಕೈಗೆ ಕೊಡುವುದು ನಿಮ್ಮ ಹೊಣೆ, ನಮ್ಮ ಹೊಣೆ.