ಮೆಜೆಸ್ಟಿಕ್ ನೆನಪಾಗುತ್ತೆ, ಕನ್ನಡ ನೆನಪಾಗಲ್ವಾ?

ದೂರದೇಶಕ್ಕೆ ಹೋದ ನಮ್ಮ ಹುಡುಗರಿಗೆಲ್ಲ ಈಗ ಒಂದೇ ಕಾಯಿಲೆ. ಬೆಂಗಳೂರಿನ ನೆನಪಿನ ಕಾಯಿಲೆ! ನ್ಯೂಜೆರ್ಸಿಯ ಚಳಿಗಾಲದಲ್ಲಿ ಸಂಜೆ ಐದಕ್ಕೇ ಕತ್ತಲಂತೆ, ಬೀದಿಯಲ್ಲಿ ನರಪಿಳ್ಳೆ ಇಲ್ಲವಂತೆ, ಹಾರನ್ ಸದ್ದಿಲ್ಲದೆ ನಿದ್ದೆಯೇ ಬರಲ್ಲವಂತೆ. ಮೆಜೆಸ್ಟಿಕ್ಕಿನ ನೂಕುನುಗ್ಗಲು, ಗಾಂಧಿಬಜಾರಿನ ಹೂವಿನ ವಾಸನೆ, ಕಾರ್ತಿಕದ ಕಡೇ ಸೋಮವಾರದ ಕಡಲೆಕಾಯಿ ಪರಿಷೆ... ಹೇಳ್ತಾ ಹೇಳ್ತಾ ಗಂಟಲು ಕಟ್ಟುತ್ತೆ.

ಕಟ್ಟಲಿ. ಆ ಸಂಕಟ ಸುಳ್ಳೆಂದು ನಾವು ಹೇಳುತ್ತಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟವರನ್ನು ಹಂಗಿಸುವಷ್ಟು ಕಲ್ಲೆದೆ ನಮ್ಮದಲ್ಲ. ಕೇಳುವುದಿಷ್ಟೇ: ತಮ್ಮಾ, ನಿನಗೆ ನೆನಪಾಗುವ ಆ ಗದ್ದಲ ಯಾವ ಭಾಷೆಯಲ್ಲಿತ್ತು?

"ಒಳಗಡೆ ಹೋಗ್ರೀ" ಎಂದು ಕಿರುಚುತ್ತಿದ್ದ ಕಂಡಕ್ಟರ್, ದರ್ಶಿನಿಯಲ್ಲಿ "ಎರಡು ಮಸಾಲೆ, ಒಂದು ಬೈಟು" ಎಂಬ ಕೂಗು, ಕಪಾಲಿಯಲ್ಲಿ ಡೈಲಾಗಿಗೆ ಬೀಳುತ್ತಿದ್ದ ಶಿಳ್ಳೆ (ಪಾಪ, ಆ ಕಪಾಲಿಯೂ 2017ರಲ್ಲಿ ಬಾಗಿಲು ಹಾಕಿತು). ಬರೀ ಜನಜಂಗುಳಿ ಬೇಕಿದ್ದರೆ ಮುಂಬೈಯ ದಾದರ್ ಇಲ್ಲವೇ? ಅಲ್ಲಿ ನಿಂತು ನೋಡು. ಅಷ್ಟು ಜನರಲ್ಲಿ "ಏನ್ ಗುರೂ" ಅನ್ನೋನು ಒಬ್ಬನೂ ಸಿಗಲ್ಲ.

ಹೀಗೆ ಹಂಬಲಿಸುವ ಮಹಾಶಯ ಮೂರು ವಾರದ ರಜೆಗೆ ಬಂದಿಳಿದಾಗ ಮಾಡುವುದೇನು? ಆಟೋದವನ ಹತ್ತಿರ ಇಂಗ್ಲಿಷು, ಮಾಲಿನಲ್ಲಿ ಹಿಂದಿ, ಅಜ್ಜಿಯ ಮುಂದೆ ನಿಂತ ಮಗುವಿಗೆ "ಸೇ ಹಲೋ"! ಮೊಮ್ಮಗನ ಜತೆ ಆಡಲು ಮಾತಿಲ್ಲದ ಅಜ್ಜಿ ತಲೆ ಸವರಿ ಅಡಿಗೆಮನೆಗೆ ಹೋಗುತ್ತಾಳೆ. ಸಿಟಿ ಮಾರ್ಕೆಟ್ಟಿಗೆ ಹೋಗಿ ನೋಡು. ಮನೆಯಲ್ಲಿ ತಮಿಳೋ ಉರ್ದುವೋ ಆಡುವ ವ್ಯಾಪಾರಿ ನಿನಗಿಂತ ಲಕ್ಷಣವಾಗಿ ಕನ್ನಡ ಮಾತಾಡುತ್ತಾನೆ. ನಾಚಿಕೆಯಾಗಬೇಡವೇ?

ಇಲ್ಲೇ ಇರುವ ಗೆಳೆಯರೇ, ನೀವೂ ನಗಬೇಡಿ. ನಾಳೆ ನಿಮಗೂ ವೀಸಾ ಬರುತ್ತೆ.

2014ರ ನವೆಂಬರ್ 1ರಂದು ಬ್ಯಾಂಗಲೋರು ಕಾಗದದ ಮೇಲೆ ಬೆಂಗಳೂರಾಯಿತು. 2024ರ ತಿದ್ದುಪಡಿ ಕಾಯ್ದೆಯಿಂದ ಅಂಗಡಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಕಡ್ಡಾಯವಾಯಿತು. ಸಂತೋಷ! ಬೀದಿಗಿಳಿದು ಕೂಗಿದವರಿದ್ದರು, ಬಂತು. ಆದರೆ ಆ ಬೋರ್ಡು ಓದುವ ಮಕ್ಕಳೇ ಇಲ್ಲದಿದ್ದರೆ? ನಿನ್ನ ಮನೆಯ ಊಟದ ಮೇಜಿಗೆ ಯಾವ ಇನ್ಸ್‌ಪೆಕ್ಟರೂ ಬಂದು ಕನ್ನಡ ಹಾಕಿಸುವುದಿಲ್ಲ. ಅದು ನಿನ್ನ ಕೆಲಸ.

ಈ ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಅರ್ಧ ಗಂಟೆ ಮಗುವಿನ ಕೈಗೆ ಕೊಡು. ಅಜ್ಜಿಯೇ ಅ ಆ ಇ ಈ ಹೇಳಿಕೊಡಲಿ, ನೀನು ಮಧ್ಯೆ ಬಾಯಿ ಹಾಕಬೇಡ. ಮುಂದಿನ ರಜೆಯಲ್ಲಿ ಮೆಜೆಸ್ಟಿಕ್ಕಿಗೆ ಬಂದಾಗ ಕಂಡಕ್ಟರನ್ನು ಮಗುವೇ ಕೇಳಲಿ: "ಬಸವನಗುಡಿಗೆ ಯಾವ ಬಸ್ಸು?"