ಕಣೆ ನೊಣದ ಮನೆ

ಕೊರವಂಗಲದ ಬೂಚೇಶ್ವರ ದೇವಾಲಯವನ್ನು 1173ರಲ್ಲಿ ಕಟ್ಟಿದ ಶಿಲ್ಪಿಗಳಿಗೆ ಉಳಿ ಸುತ್ತಿಗೆಗಳು ಬೇಕಾದುವು. ಬತ್ತದ ಕಣೆ ನೊಣದ ಮರಿಗೆ ಯಾವ ಉಪಕರಣವೂ ಬೇಡ. ಅದು ಸಸ್ಯದಿಂದಲೇ ತನಗೆ ಮನೆ ಕಟ್ಟಿಸಿಕೊಳ್ಳುತ್ತದೆ. ಸೊಳ್ಳೆಯನ್ನು ಹೋಲುವ ಈ ಕೀಟವು ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ತೆಂಡೆಯ ಕುಡಿಯನ್ನು ಸೇರಿ ತಿನ್ನತೊಡಗಿದಾಗ ಅದರ ಸುತ್ತ ಈರುಳ್ಳಿಯ ಎಲೆಯಂತಹ ಬೆಳ್ಳನೆಯ ಕೊಳವೆ ಬೆಳೆಯುತ್ತದೆ. ಆ ತೆಂಡೆಯಲ್ಲಿ ತೆನೆ ಮೂಡದು.

ಕೊಳವೆ ಕಂಡೊಡನೆ ವಿಷ ಸಿಂಪಡಿಸುವುದು ವಿವೇಕವಲ್ಲ. ಹೋದ ತೆನೆ ಅದರಿಂದ ಮರಳದು. ಮೇಲಾಗಿ, ನೊಣದ ಮರಿಯನ್ನೇ ಉಂಡು ಬೆಳೆಯುವ ಪ್ಲಾಟಿಗ್ಯಾಸ್ಟರ್ ಎಂಬ ಪುಟ್ಟ ಕಣಜವೂ ಸಾಯುವ ಸಂಭವವುಂಟು. ಶತ್ರುವನ್ನು ಕೊಲ್ಲಹೊರಟವನು ಮಿತ್ರನನ್ನು ಕೊಂದಂತಾಗುತ್ತದೆ. ಸಕಾಲದ ನಾಟಿ, ಕೀಟವನ್ನು ತಡೆಯಬಲ್ಲ ತಳಿ, ಇವೇ ರೈತನ ಉತ್ತಮ ಆಯುಧಗಳು. ಗದ್ದೆಯನ್ನು ಅರಿತ ಕಣ್ಣು ವಿಷದ ಡಬ್ಬಿಗಿಂತ ಮಿಗಿಲು.