ಮುಖದ ವ್ಯಾಪಾರ: ಕಲಾವಿದರಿಂದ ಕಲಿಯಬೇಕಾದುದೇನು?

ಕಳೆದ ವಾರ ನಮ್ಮ ಪೇಟೆಯ ಒಬ್ಬ ಬಟ್ಟೆ ವ್ಯಾಪಾರಿಗಳು ಪತ್ರಿಕೆಯ ಕಚೇರಿಗೆ ಬಂದಿದ್ದರು. ಗಿರಣಿ ಮೂರು ಪಾಳಿ ನಡೆಯುತ್ತಿದ್ದ ಕಾಲದಲ್ಲಿ ಪಗಾರದ ದಿನ ಸಂಜೆ ಕಾಲಿಡಲು ಸ್ಥಳವಿಲ್ಲದಂತೆ ಗಿರಾಕಿ ತುಂಬುತ್ತಿದ್ದ ಅಂಗಡಿ ಅವರದು. ಈಗ ಗಿರಾಕಿ ಫೋನಿನಲ್ಲಿಯೇ ಸೀರೆ ಕೊಳ್ಳುತ್ತಾನೆ. ತಾವೂ ಫೋನಿನಲ್ಲಿ ಮಾರಬೇಕೆಂದು ಆ ಯಜಮಾನರು ಹೊರಗಿನಿಂದ ಬಂದ ಪಂಡಿತರೊಬ್ಬರ ಎರಡು ದಿನದ ಶಿಬಿರಕ್ಕೆ ಹನ್ನೆರಡು ಸಾವಿರ ರೂಪಾಯಿ ಕಟ್ಟಿ ಸೇರಿದ್ದರಂತೆ. “ಅರಿವೆ ತೋರಿಸಬೇಡಿರಿ, ನಿಮ್ಮ ಮುಖ ತೋರಿಸಿರಿ ಅಂದರು. ಅರವತ್ತು ದಾಟಿದ ಈ ಮುಖ ಯಾರಿಗೆ ಬೇಕು, ನೀವೇ ಹೇಳಿರಿ” ಎಂದು ನಕ್ಕರು. ನಕ್ಕರೂ ಹೋದ ಹಣದ ಸಂಕಟ ಮಾತಿನಲ್ಲಿ ತಿಳಿಯುತ್ತಿತ್ತು.

ಶಿಬಿರದಲ್ಲಿ ಹಂಚಿದ ಪುಸ್ತಿಕೆಯನ್ನು ಅವರು ನಮ್ಮ ಮೇಜಿನ ಮೇಲಿಟ್ಟು ಹೋದರು. ನಾವು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆವು. ಅದರ ಉಪದೇಶದ ಸಾರ ಇಷ್ಟು: ಇನ್ನು ಮುಂದೆ ಮಾರಾಟವಾಗುವುದು ಸರಕಲ್ಲ, ಮನುಷ್ಯ. ಸಿನಿಮಾ ತಾರೆಯರನ್ನು ನೋಡಿ ಕಲಿಯಿರಿ. ದಿನಕ್ಕೆ ಮೂರು ಸಲ ಪರದೆಯ ಮೇಲೆ ಕಾಣಿಸಿಕೊಳ್ಳಿರಿ. ಯಾವಾಗಲೂ ಒಂದೇ ಬಣ್ಣದ ಅಂಗಿ ತೊಡಿರಿ. ಜನ ನೆನಪಿಡುವಂಥ ಒಂದು ಮಾತನ್ನು ಪದೇ ಪದೇ ಆಡಿರಿ. ಮನೆಯ ಮದುವೆ, ಮಗುವಿನ ಕಾಯಿಲೆ, ಗಂಡಹೆಂಡಿರ ಮುನಿಸು ಎಲ್ಲವನ್ನೂ ಹೇಳಿಕೊಳ್ಳಿರಿ. ಈ ವಿದ್ಯೆಗೆ ಅವರು ಕೊಟ್ಟಿರುವ ಹೆಸರು ‘ಪರ್ಸನಲ್ ಬ್ರಾಂಡಿಂಗ್’. ದನಕ್ಕೆ ಬರೆ ಎಳೆದು ಒಡೆಯನ ಗುರುತು ಹಾಕುವುದಕ್ಕೂ ಇಂಗ್ಲಿಷಿನಲ್ಲಿ ಬ್ರಾಂಡಿಂಗ್ ಎಂದೇ ಹೇಳುತ್ತಾರೆಂಬುದು ಓದುಗರ ನೆನಪಿನಲ್ಲಿರಲಿ.

ಕಲಾವಿದರಿಂದ ವ್ಯಾಪಾರಸ್ಥರು ಕಲಿಯಬೇಕಾದ್ದು ಬಹಳವಿದೆ. ಅದನ್ನು ನಾವು ಒಪ್ಪುತ್ತೇವೆ. ಆದರೆ ಕಲಿಯಲೇಬೇಕಾದ ಪಾಠಗಳನ್ನು ಮುಚ್ಚಿಟ್ಟು, ಅಂಗಿಯ ಬಣ್ಣವನ್ನು ಮಾತ್ರ ಹನ್ನೆರಡು ಸಾವಿರಕ್ಕೆ ಮಾರುವುದು ಮೋಸವೆಂದು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಮೊದಲನೆಯ ಪಾಠ, ಹೆಸರು ದುಡಿಮೆಯಿಂದ ಹುಟ್ಟುತ್ತದೆ ಎಂಬುದು. ಗಾಜನೂರಿನ ಮುತ್ತುರಾಜ ತಂದೆಯ ಬೆನ್ನ ಹಿಂದೆ ಗುಬ್ಬಿ ಕಂಪನಿಯ ರಂಗವೇರಿದ ಹುಡುಗ. ಊರಿಂದೂರಿಗೆ ಡೇರೆ ಹೊತ್ತು ತಿರುಗಿ, ಸಿಕ್ಕ ಸಣ್ಣಪುಟ್ಟ ಪಾತ್ರ ಮಾಡಿ, ದೇಹವನ್ನೂ ಕಂಠವನ್ನೂ ಹದಗೊಳಿಸಿಕೊಂಡ ಮೇಲೆ 1954ರಲ್ಲಿ ‘ಬೇಡರ ಕಣ್ಣಪ್ಪ’ದ ನಾಯಕನಾದದ್ದು. ‘ರಾಜಕುಮಾರ್’ ಎಂಬ ಹೆಸರನ್ನು ಕೂಡ ಅವರು ತಾವೇ ಇಟ್ಟುಕೊಂಡವರಲ್ಲ. ಅದನ್ನು ಕೊಟ್ಟವರು ಆ ಚಿತ್ರದ ನಿರ್ದೇಶಕ ಎಚ್. ಎಲ್. ಎನ್. ಸಿಂಹ. ಆ ಹೆಸರಿಗೆ ಬೆಲೆ ಬಂದದ್ದು ಇನ್ನೂರಕ್ಕೂ ಹೆಚ್ಚು ಚಿತ್ರಗಳ ದುಡಿಮೆಯಿಂದ. ಅದರಲ್ಲಿ ಬೆಳಕು ಹಿಡಿದವನ, ಬಣ್ಣ ಹಚ್ಚಿದವನ, ಹೊಲಿಗೆ ಹಾಕಿದವನ, ಟಾಕೀಸಿನ ಬಾಗಿಲಲ್ಲಿ ಟಿಕೀಟು ಹರಿದವನ ದುಡಿಮೆಯೂ ಸೇರಿತ್ತು. ‘ಅಭಿಮಾನಿ ದೇವರುಗಳೇ’ ಎಂದು ಅವರು ಜನರನ್ನು ಕರೆಯುತ್ತಿದ್ದರು. ಈ ಹೆಸರು ನನ್ನೊಬ್ಬನದಲ್ಲವೆಂಬ ಅರಿವು ಆ ಮಾತಿನಲ್ಲಿತ್ತು. 1982ರಲ್ಲಿ ಗೋಕಾಕ ವರದಿಯ ಚಳವಳಿಗೆ ಅವರು ಧುಮುಕಿದಾಗ ಊರೂರಿನಲ್ಲಿ ಜನ ಸಾಗರವಾಗಿ ನೆರೆದದ್ದು ಅಂಗಿಯ ಬಣ್ಣ ನೋಡಿಯೇನು?

ಮಗ್ಗದ ಮುಂದೆ ಎಂಟು ಗಂಟೆ ನಿಂತವನಿಗೆ ಈ ಪಾಠವನ್ನು ಬಿಡಿಸಿ ಹೇಳಬೇಕಾಗಿಲ್ಲ. ಥಾನಿನ ಮೇಲೆ ಎಷ್ಟು ಚೆಂದದ ಮುದ್ರೆ ಒತ್ತಿದರೂ ನೂಲು ಜೊಳ್ಳಾಗಿದ್ದರೆ ಮೊದಲ ಒಗೆತಕ್ಕೇ ಬಣ್ಣ ಬಯಲಾಗುತ್ತದೆ.

ಎರಡನೆಯ ಪಾಠ, ಹೆಸರಿನ ಬೆಲೆ ತಿಳಿಯುವುದು ಅದನ್ನು ಯಾವುದಕ್ಕೆ ಕೊಟ್ಟೆವು, ಯಾವುದಕ್ಕೆ ಕೊಡಲಿಲ್ಲ ಎಂಬುದರಲ್ಲಿ. ನಮ್ಮ ದೇಶದಲ್ಲಿ ತಾರೆಯ ಮುಖವನ್ನು ಸರಕಿಗೆ ಅಂಟಿಸುವ ಪದ್ಧತಿ ಹಳೆಯದು. ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ನಟಿ. ಅಂದಿನಿಂದ ಇಂದಿನವರೆಗೆ ತಾರೆಯರ ಸಾಲು ಬೆಳೆಯುತ್ತಲೇ ಬಂದಿದೆ. ತಾರೆಗೆ ಕೊಟ್ಟ ಹಣ ಕಂಪನಿಯ ಮಾಲೀಕನ ಜೇಬಿನಿಂದ ಹೋಗುತ್ತದೆಂದು ಯಾರೂ ಭ್ರಮಿಸಬೇಡಿರಿ. ಸಾಬೂನಿನ ಬೆಲೆಯಲ್ಲಿ ಅದನ್ನು ಕೊಳ್ಳುವ ಕೂಲಿಕಾರನ ಹೆಂಡತಿಯೇ ಅದನ್ನು ತೆರುತ್ತಾಳೆ.

ಇದಕ್ಕೆ ಎದುರಾದ ಉದಾಹರಣೆಯೂ ನಮ್ಮ ನಾಡಿನಲ್ಲಿಯೇ ಇದೆ. ರಾಜಕುಮಾರ್ ತಮ್ಮ ಮುಖವನ್ನು ಜಾಹೀರಾತಿಗೆ ಕೊಟ್ಟದ್ದು ಹಾಲು ಉತ್ಪಾದಕರ ಸಹಕಾರಿ ಮಹಾಮಂಡಲದ ನಂದಿನಿ ಹಾಲಿಗೆ, ಅದೂ ಸಂಭಾವನೆಯಿಲ್ಲದೆ. ಮಗ ಪುನೀತ್ ಕೂಡ ಮುಂದೆ ಅದೇ ಹಾಲಿಗೆ ಹಾಗೆಯೇ ನಿಂತರು. ಒಂದೆರಡು ಎಮ್ಮೆ ಸಾಕಿದ ಹಳ್ಳಿಯ ಹೆಣ್ಣುಮಗಳ ಕ್ಯಾನಿಗೆ ಆ ಹೆಸರಿನ ಬಲ ಸಿಕ್ಕಿತು. ಬೇರೆ ಕಂಪನಿಗಳಿಗೂ ಮುಖ ಕೊಟ್ಟಿದ್ದರೆ ಹಣ ಬರುತ್ತಿರಲಿಲ್ಲವೇ? ಧಾರಾಳವಾಗಿ ಬರುತ್ತಿತ್ತು. ಕೊಡಲಿಲ್ಲ, ಆದ್ದರಿಂದಲೇ ಕೊಟ್ಟ ಒಂದು ಮಾತಿಗೆ ತೂಕ ಬಂತು.

ಇನ್ನೊಂದು ಕಡೆ ನೋಡಿರಿ. 2021ರ ಅಕ್ಟೋಬರಿನಲ್ಲಿ ಅಮಿತಾಭ್ ಬಚ್ಚನ್ ಪಾನ್ ಮಸಾಲೆ ಕಂಪನಿಯೊಂದರ ಜಾಹೀರಾತಿನಿಂದ ಹಿಂದೆ ಸರಿಯಬೇಕಾಯಿತು. 2022ರ ಏಪ್ರಿಲಿನಲ್ಲಿ ಅಕ್ಷಯ್ ಕುಮಾರ್, ಪಾನ್ ಮಸಾಲೆಗೆ ಹೆಸರಾದ ಗುರುತಿನಲ್ಲೇ ಬರುವ ಏಲಕ್ಕಿಯ ಜಾಹೀರಾತನ್ನು ಬಿಟ್ಟು, ಅಭಿಮಾನಿಗಳ ಕ್ಷಮೆ ಕೇಳಿದರು. ಅವರನ್ನು ಹಾಗೆ ಮಾಡಿಸಿದ್ದು ಜನರ ಸಿಟ್ಟು. ವರ್ಷಗಟ್ಟಲೆ ಕೂಡಿಟ್ಟ ಹೆಸರು ಒಂದು ಪೊಟ್ಟಣದ ದೆಸೆಯಿಂದ ಬೀದಿಗೆ ಬಿತ್ತು. ಶಿಬಿರದ ಪುಸ್ತಿಕೆಯಲ್ಲಿ ಈ ಕಥೆಗೆ ಒಂದು ಸಾಲನ್ನೂ ಕೊಟ್ಟಿಲ್ಲ.

ಮೂರನೆಯ ಪಾಠ, ಮುಖ ಕೊಟ್ಟವನು ಜವಾಬ್ದಾರಿಯನ್ನೂ ಹೊರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಸುಳ್ಳು ಜಾಹೀರಾತಿಗೆ ಮುಖ ಕೊಟ್ಟವರ ಮೇಲೆ ಹತ್ತು ಲಕ್ಷ ರೂಪಾಯಿಯವರೆಗೆ ದಂಡ ಹಾಕಬಹುದು. ಮತ್ತೆ ತಪ್ಪಿದರೆ ಐವತ್ತು ಲಕ್ಷದವರೆಗೆ. ಒಂದು ವರ್ಷ, ಮತ್ತೆ ತಪ್ಪಿದರೆ ಮೂರು ವರ್ಷ, ಅವರು ಯಾವ ಸರಕಿಗೂ ಮುಖ ಕೊಡದಂತೆ ತಡೆಯಬಹುದು. ಹೇಳುವ ಮೊದಲು ತಕ್ಕಷ್ಟು ವಿಚಾರಿಸಿ ನೋಡಿದ್ದೇನೆಂದು ತೋರಿಸಿಕೊಟ್ಟವರು ಮಾತ್ರ ಪಾರು. ಹಣ ಅಥವಾ ಉಡುಗೊರೆ ಪಡೆದು ಫೋನಿನಲ್ಲಿ ಸರಕನ್ನು ಹೊಗಳುವವರು, ಇದು ಜಾಹೀರಾತು ಎಂದು ಕಾಣುವಂತೆ, ಕೇಳುವಂತೆ ತಿಳಿಸಬೇಕೆಂದು 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಹೇಳಿದೆ. ತಾರೆಗೆ ವಕೀಲರಿದ್ದಾರೆ. ಪಂಡಿತರ ಮಾತು ಕೇಳಿ, ಕಂಪನಿ ಕಳಿಸಿದ ಮುಲಾಮಿನ ಡಬ್ಬಿ ಹಿಡಿದು “ನಾನೇ ಹಚ್ಚಿ ನೋಡಿದ್ದೇನೆ” ಎಂದು ಸುಳ್ಳಾಡಿದ ನಮ್ಮ ಓಣಿಯ ಹುಡುಗಿಗೆ ಯಾರಿದ್ದಾರೆ?

ನಾಲ್ಕನೆಯ ಪಾಠ ಎಲ್ಲಕ್ಕಿಂತ ದೊಡ್ಡದು. ಮಾಲೀಕರ ಮುಂದೆ ಒಂಟಿ ಮುಖ ಎಷ್ಟು ಪ್ರಸಿದ್ಧವಾದರೂ ನಿಲ್ಲಲಾರದೆಂಬುದನ್ನು ಕಲಾವಿದರು ಬಹಳ ಹಿಂದೆಯೇ ಕಂಡುಕೊಂಡರು. ಜಗತ್ತೇ ಗುರುತಿಸುತ್ತಿದ್ದ ಮೀಸೆ, ಟೋಪಿ, ಬೆತ್ತದ ಒಡೆಯ ಚಾರ್ಲಿ ಚಾಪ್ಲಿನ್. ಆತನೂ 1919ರಲ್ಲಿ ಮೇರಿ ಪಿಕ್‌ಫೋರ್ಡ್, ಡಗ್ಲಾಸ್ ಫೇರ್‌ಬ್ಯಾಂಕ್ಸ್, ಡಿ. ಡಬ್ಲ್ಯು. ಗ್ರಿಫಿತ್ ಇವರೊಡನೆ ಕೂಡಿ ‘ಯುನೈಟೆಡ್ ಆರ್ಟಿಸ್ಟ್ಸ್’ ಎಂಬ ಸ್ವಂತ ಸಂಸ್ಥೆ ಕಟ್ಟಿದ. ತಮ್ಮ ಚಿತ್ರವನ್ನು ಊರಿಗೆ ಮುಟ್ಟಿಸುವ ದಾರಿ ಪರರ ಕೈಯಲ್ಲಿದ್ದರೆ ಹೆಸರು ತಮ್ಮದಾದರೂ ಅನ್ನ ಪರರ ಅಧೀನವೆಂಬುದು ಆ ನಾಲ್ವರಿಗೆ ತಿಳಿದಿತ್ತು.

ಇತ್ತೀಚಿನ ಮಾತು ಕೇಳಿರಿ. 2023ರಲ್ಲಿ ಅಮೆರಿಕದ ಚಿತ್ರಲೇಖಕರು 148 ದಿನ, ನಟನಟಿಯರು 118 ದಿನ ಮುಷ್ಕರ ಹೂಡಿದರು. ಇಬ್ಬರೂ ಏಕಕಾಲದಲ್ಲಿ ಕೆಲಸ ನಿಲ್ಲಿಸಿದ್ದು 1960ರ ನಂತರ ಅದೇ ಮೊದಲು. ಕೂಲಿಯ ಪ್ರಶ್ನೆಯ ಜತೆಗೆ ಮುಖದ ಪ್ರಶ್ನೆಯೂ ಅಲ್ಲಿತ್ತು. ಗುಂಪಿನಲ್ಲಿ ನಿಲ್ಲುವ ಬಡ ನಟನ ಮುಖವನ್ನು ಯಂತ್ರದಿಂದ ಅಚ್ಚಿಳಿಸಿಕೊಂಡು, ಒಂದು ದಿನದ ಕೂಲಿ ಕೊಟ್ಟು, ಶಾಶ್ವತವಾಗಿ ಬಳಸಿಕೊಳ್ಳಲು ಕಂಪನಿಗಳು ನೋಡುತ್ತಿವೆಯೆಂದು ಸಂಘ ಆಪಾದಿಸಿತು, ಕಂಪನಿಗಳು ಅಲ್ಲಗಳೆದವು. ಕೊನೆಗೆ ಆದ ಒಪ್ಪಂದದಲ್ಲಿ ಅಂಥ ಪ್ರತಿರೂಪಕ್ಕೆ ನಟನ ಒಪ್ಪಿಗೆ ಬೇಕು, ಹಣ ಕೊಡಬೇಕು ಎಂಬ ನಿಬಂಧನೆಗಳು ಬಂದವು. ಆ ಮುಷ್ಕರದಲ್ಲಿ ಹೆಸರಾಂತ ತಾರೆಯರೂ ಹೆಸರಿಲ್ಲದ ನಟರೂ ಒಂದೇ ಫಲಕ ಹಿಡಿದು ಬಾಗಿಲ ಮುಂದೆ ನಡೆದರು.

ನಮ್ಮ ದೇಶದ ತಾರೆಯರು ನ್ಯಾಯಾಲಯದ ದಾರಿ ಹಿಡಿದಿದ್ದಾರೆ. ಬಚ್ಚನ್ 2022ರ ನವೆಂಬರಿನಲ್ಲಿ, ಅನಿಲ್ ಕಪೂರ್ 2023ರ ಸೆಪ್ಟೆಂಬರಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯದಿಂದ ತಮ್ಮ ಹೆಸರು, ಮುಖ, ದನಿಗಳನ್ನು ಅಪ್ಪಣೆಯಿಲ್ಲದೆ ಬಳಸಬಾರದೆಂಬ ಆಜ್ಞೆ ತಂದರು. ಅನಿಲ್ ಕಪೂರರ ‘ಝಕಾಸ್’ ಎಂಬ ಒಂದು ಉದ್ಗಾರಕ್ಕೂ ರಕ್ಷಣೆ ಸಿಕ್ಕಿತು. ಸಂತೋಷ. ಆದರೆ ನಮ್ಮ ಬಟ್ಟೆ ಅಂಗಡಿಯ ಯಜಮಾನರ ಮುಖವನ್ನು ಯಾವನೋ ಕದ್ದು ಖೊಟ್ಟಿ ಸೀರೆ ಮಾರಿದರೆ ಅವರು ದೆಹಲಿಯವರೆಗೆ ಹೋಗಬಲ್ಲರೇ?

ಇನ್ನೂ ಒಂದು ಮಾತನ್ನು ಪಂಡಿತರು ಹೇಳುವುದಿಲ್ಲ. ಫೋನಿನೊಳಗಿನ ಅಂಗಡಿಯ ಗಲ್ಲಾ ನಿಮ್ಮದಾದರೂ ಕಟ್ಟೆ ನಿಮ್ಮದಲ್ಲ. ಯಾರಿಗೆ ನಿಮ್ಮ ಮುಖ ತೋರಿಸಬೇಕು, ಯಾರಿಗೆ ಮರೆಮಾಡಬೇಕು ಎಂದು ತೀರ್ಮಾನಿಸುವವನು ದೂರದಲ್ಲಿ ಕುಳಿತಿರುವ ಮಾಲೀಕ. ಇಂದು ಹತ್ತು ಸಾವಿರ ಜನರಿಗೆ ತೋರಿಸಿ, ನಾಳೆ ಹತ್ತು ಜನರಿಗೆ ತೋರಿಸುತ್ತಾನೆ. ಮತ್ತೆ ಕಾಣಬೇಕಾದರೆ ಹಣ ಕಟ್ಟು ಎನ್ನುತ್ತಾನೆ. ಗಿರಣಿಯ ಗೇಟಿನಲ್ಲಿ “ಇಂದು ಕೆಲಸವಿಲ್ಲ” ಎಂದು ಬದಲಿ ಕೂಲಿಗಾರರನ್ನು ಹಿಂದಕ್ಕೆ ಅಟ್ಟುತ್ತಿದ್ದ ಜಾಬರನಿಗೂ ಇವನಿಗೂ ನಮಗೆ ಹೆಚ್ಚಿನ ಅಂತರ ಕಾಣದು. ಜಾಬರನ ಮುಖವನ್ನಾದರೂ ನೋಡಿ ಜಗಳವಾಡಬಹುದಿತ್ತು.

ಹಾಗಾದರೆ ಸಣ್ಣ ವ್ಯಾಪಾರಸ್ಥರು ಫೋನಿನ ವ್ಯಾಪಾರ ಬಿಡಬೇಕೇ ಎಂದು ಕೆಲವರು ಕೇಳಬಹುದು. ನಾವು ಯಂತ್ರದ ವಿರೋಧಿಗಳಲ್ಲ. ಮಾರಿರಿ, ಅವಶ್ಯವಾಗಿ ಮಾರಿರಿ. ಆದರೆ ಮುಖಕ್ಕಿಂತ ಮುಂಚೆ ಸರಕನ್ನು ತೋರಿಸಿರಿ: ಪನ್ನ ಎಷ್ಟು, ನೂಲು ಯಾವುದು, ಬಣ್ಣ ಬಿಡುವುದೋ ಇಲ್ಲವೋ, ನೇಯ್ದವರು ಯಾರು, ಬೆಲೆ ಏಕೆ ಇಷ್ಟು. ಹಣ ಕೊಟ್ಟು ಹಿಂಬಾಲಕರನ್ನು ಕೊಳ್ಳಬೇಡಿರಿ. ಬಾಡಿಗೆಗೆ ತಂದ ಚಪ್ಪಾಳೆಯಿಂದ ಯಾವ ನಾಟಕವೂ ಗೆದ್ದಿಲ್ಲ. ಮಗುವಿನ ಕಾಯಿಲೆಯನ್ನು ಸಂತೆಗೆ ತರಬೇಡಿರಿ. ಗಿರಾಕಿಯ ಹೆಸರು ವಿಳಾಸಗಳನ್ನು, ಅವರ ಒಪ್ಪಿಗೆ ಪಡೆದು, ನಿಮ್ಮ ಖಾತೆ ಪುಸ್ತಕದಲ್ಲಿಯೂ ಬರೆದಿಡಿರಿ. ಪರರ ಕಟ್ಟೆ ಮುಚ್ಚಿದ ದಿನ ಕೈಹಿಡಿಯುವುದು ಆ ಪುಸ್ತಕ.

ಎಲ್ಲಕ್ಕಿಂತ ಮಿಗಿಲಾಗಿ ಒಗ್ಗಟ್ಟಾಗಿರಿ. ಒಂದೇ ಬೀದಿಯ ಇಪ್ಪತ್ತು ಅಂಗಡಿಯವರು ಇಪ್ಪತ್ತು ಮುಖ ಹೊತ್ತು ಒಬ್ಬರ ಮೇಲೊಬ್ಬರು ಬೆಲೆ ಇಳಿಸಿಕೊಂಡರೆ ಗೆಲ್ಲುವವನು ದೂರದ ಮಾಲೀಕನೇ. ಇಪ್ಪತ್ತು ಜನ ಕೂಡಿ, ಊರಿನ ನೇಕಾರರನ್ನೂ ಹೊಲಿಗೆಯ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡು, ಒಂದು ಸಹಕಾರಿ ಹೆಸರು ಕಟ್ಟಿದರೆ ಆ ಹೆಸರಿಗೆ ಒಬ್ಬನ ಮುಪ್ಪು ತಟ್ಟುವುದಿಲ್ಲ, ಒಬ್ಬನ ತಪ್ಪಿಗೆ ಇಪ್ಪತ್ತು ಕಣ್ಣಿನ ಕಾವಲಿರುತ್ತದೆ. ನಂದಿನಿಯ ಹಿಂದೆ ಇರುವುದು ಒಬ್ಬ ಯಜಮಾನನ ಮುಖವಲ್ಲ, ಸಾವಿರಾರು ಹಳ್ಳಿಗಳ ಹಾಲಿನ ಸಂಘಗಳು.

ಬಟ್ಟೆ ಅಂಗಡಿಯ ಯಜಮಾನರಿಗೆ ನಾವು ಕೊಡುವ ಉತ್ತರ ಇದು. ಅರವತ್ತು ದಾಟಿದ ನಿಮ್ಮ ಮುಖ ಈ ಊರಿಗೆ ಬೇಕು. ಗಿರಣಿ ಮುಚ್ಚಿದ ವರ್ಷ ಪಗಾರವಿಲ್ಲದ ಮನೆಗಳಿಗೆ ನೀವು ದೀಪಾವಳಿಗೆ ಉದ್ರಿ ಕೊಟ್ಟದ್ದನ್ನು ಈ ಓಣಿಗಳು ಮರೆತಿಲ್ಲ. ಆ ಹೆಸರನ್ನು ನಿಮಗೆ ಯಾವ ಪಂಡಿತರೂ ಕಲಿಸಿಕೊಟ್ಟದ್ದಲ್ಲ. ಬರುವ ಅಮಾವಾಸ್ಯೆಯ ದಿನ ಅಂಗಡಿಗಳಿಗೆ ಬಿಡುವಿದೆ. ಪಕ್ಕದ ಅಂಗಡಿಯವರನ್ನೂ ಕರೆದುಕೊಂಡು ಸಂಜೆ ಆರಕ್ಕೆ ನಮ್ಮ ಕಚೇರಿಗೆ ಬನ್ನಿರಿ. ಕೂತು ಮಾತಾಡೋಣ, ಇದಕ್ಕೆ ಶುಲ್ಕವಿಲ್ಲ.